ಮೂರು ಬಿಳಿ ಗುಂಡಿಗಳು

ಮೊಮ್ಮಗಳ ಶಾಲೆಯ ಅಂಗಿಯ ಗುಂಡಿಯೊಂದು ಹಿಂದಿನ ದಿನವೇ ಉದುರಿಹೋಗಿತ್ತು. ಬೆಳಗ್ಗೆ ಹಾಲು ಕಾಯಿಸಿ ಇಳಿಸಿದ ಮೇಲೆ ಟೈಲರಜ್ಜಿ ಕಿಟಕಿಯ ಬೆಳಕಿಗೆ ಸರಿದು ಕುಳಿತು, ಮೂರು ಸಲ ಗುರಿ ತಪ್ಪಿ ನಾಲ್ಕನೆಯ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಒಂಬತ್ತು ವರ್ಷದ ಗುಬ್ಬಿ ಒಳಲಂಗದಲ್ಲೇ ನಿಂತು, ಅಂಗಿ ಯಾವಾಗ ಕೈಗೆ ಬಂದೀತೆಂದು ಕಾಯುತ್ತಿದ್ದಳು. ಅಜ್ಜಿ ಹೊಲಿಗೆಯ ಏಪ್ರನ್ನಿನ ಜೇಬಿಗೆ ಕೈಹಾಕಿ ಬಿಳಿ ಗುಂಡಿಗಾಗಿ ತಡಕಾಡಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ಆ ಕಪ್ಪು ಗುಂಡಿ. ಹನ್ನೆರಡು ದಿನಗಳಿಂದ ಅದು ಅಲ್ಲೇ ಇತ್ತು. ಬೆಂಕಿ ತಗುಲಿದವಳಂತೆ ಕೈ ಹಿಂದಕ್ಕೆಳೆದುಕೊಂಡು, ಮತ್ತೆ ಹುಡುಕಿ ಬಿಳಿಯದನ್ನು ತೆಗೆದು ಅಂಗಿಯ ಮೇಲಿಟ್ಟು ಒಂದು ಹೊಲಿಗೆ ಹಾಕಿದಳು. ಅಷ್ಟರಲ್ಲಿ ನಡುಮನೆಯ ಫೋನು ಹೊಡೆದುಕೊಂಡಿತು.

ಗುಬ್ಬಿ ಓಡಿದಳು. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದು ಹೇಳಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಬರೀ ಹೂಂ, ಹೂಂ. ರಿಸೀವರನ್ನು ಸದ್ದಾಗದಂತೆ ಇಟ್ಟು ಬಂದು ಮತ್ತೆ ಮೊದಲಿನ ಜಾಗದಲ್ಲೇ ನಿಂತುಕೊಂಡಳು.

"ಯಾರೇ ಅದು?"

"ಪಾರ್ಟಿ ಆಫೀಸಿನವರು. ಅಮ್ಮ ಗೆದ್ದಳಂತೆ. ಒಂಬತ್ತು ಗಂಟೆಗೆ ಕಾರು ಬರುತ್ತಂತೆ."

ಹಾಲಿನವನು ಬಂದ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಟೈಲರಜ್ಜಿಯ ಸೂಜಿ ಬಟ್ಟೆಯನ್ನು ದಾಟಿ ಹೆಬ್ಬೆರಳಿಗೆ ಚುಚ್ಚಿತು. ಅವಳ ಸೊಸೆ ದೇಶದ ಪ್ರಧಾನಿಯಾಗುತ್ತಾಳೆ! ಆ ಕುರ್ಚಿಯಲ್ಲಿ ಈವರೆಗೆ ಒಬ್ಬ ಹೆಂಗಸೂ ಕೂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಪ್ರಮಾಣವಚನ... ಮುದುಕಿ ರಕ್ತದ ಚುಕ್ಕೆ ಅಂಗಿಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಕುಣಿದಾಡಬೇಕಾದ ಗಳಿಗೆಯಲ್ಲಿ ಅವಳ ಇನ್ನೊಂದು ಕೈ ಕಪ್ಪು ಗುಂಡಿಯಿದ್ದ ಜೇಬನ್ನು ಒತ್ತಿ ಹಿಡಿದಿತ್ತು.

ಆ ಮನೆಯಲ್ಲಿ ಹಳೆಯದೊಂದು ಪದ್ಧತಿಯಿತ್ತು. ಅದನ್ನು ಶುರುಮಾಡಿದವನು ಅಜ್ಜಿಯ ಮಗ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಆತನಿಗೆ ಎಲ್ಲವೂ ಎಲ್ಲರ ಒಪ್ಪಿಗೆಯಿಂದಲೇ ಆಗಬೇಕೆಂಬ ಹುಚ್ಚು. ನೀಲಿ ಬಿಸ್ಕತ್ತು ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು, ತಾಯಿಯ ಗುಂಡಿಪೆಟ್ಟಿಗೆಯಿಂದ ಕೋಟಿನ ಗುಂಡಿಗಳನ್ನು ಆರಿಸಿಟ್ಟಿದ್ದ. ಬಿಳಿಯೆಂದರೆ ಹೂಂ, ಕಪ್ಪೆಂದರೆ ಉಹೂಂ. ಮನೆಯ ದೊಡ್ಡ ವಿಷಯಕ್ಕೆ ಪ್ರತಿಯೊಬ್ಬರೂ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಒಂದು ಗುಂಡಿ ಹಾಕಬೇಕು. ಒಂದೇ ಒಂದು ಕಪ್ಪು ಬಂದರೂ ಆ ಮಾತು ಅಲ್ಲಿಗೆ ಬಿತ್ತು. ಯಾರು ಹಾಕಿದ್ದೆಂದು ಯಾರೂ ಕೇಳುವಂತಿಲ್ಲ. ಎಣಿಕೆ ಮಾತ್ರ ತಾಯಿಯದೇ. ನಲವತ್ತು ವರ್ಷ ಬೀದಿಯವರ ಬಟ್ಟೆ ಅಳೆದ ಕೈ, ಅದಕ್ಕೆ ಮೋಸ ಗೊತ್ತಿಲ್ಲ ಎನ್ನುತ್ತಿದ್ದ ಅವನು.

ಆರು ವರ್ಷದ ಹಿಂದೆ ಅವನು ಜ್ವರದಲ್ಲಿ ತೀರಿಕೊಂಡ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸೊಸೆ ಅದೇ ವರ್ಷ ಚುನಾವಣೆಗೆ ನಿಂತಳು. ಆಗ ಅತ್ತೆ ಆಡಿದ ಮಾತು ಒಂದೆರಡಲ್ಲ. ಗಂಡನನ್ನು ಉಳಿಸಿಕೊಳ್ಳಲಾಗದವಳು ದೇಶ ಉಳಿಸಲು ಹೊರಟಿದ್ದಾಳೆ ಎಂದು ಎದುರುಮನೆಯ ಬೇಕರಿಯವನ ಮುಂದೆಯೇ ಅಂದಿದ್ದಳು. ಸೊಸೆ ಅದನ್ನು ಕೇಳಿಸಿಕೊಂಡೇ ಮತ ಕೇಳಲು ಹೊರಟಳು. ಎಣಿಕೆಯ ದಿನ ಒಂದು ಮತಪೆಟ್ಟಿಗೆ ಕಾಣೆಯಾದಾಗ ಎಣಿಕೆ ಕೇಂದ್ರದ ಮೆಟ್ಟಿಲ ಮೇಲೆ ಮೂರು ದಿನ ಕುಳಿತಳು. ಪೆಟ್ಟಿಗೆ ಸಿಕ್ಕಿತು, ಅದರೊಳಗಿದ್ದ ಮತಗಳಿಂದಲೇ ನಲವತ್ತು ಮತಕ್ಕೆ ಸೋತಳು! ಗೆದ್ದವನ ಕೈಕುಲುಕಿ ಬಸ್ಸು ಹತ್ತಿ ಮನೆಗೆ ಬಂದಳು. ಒಬ್ಬನ ಮತವೂ ಎಣಿಕೆಯಿಂದ ಬಿಟ್ಟುಹೋಗಬಾರದು ಎಂದು ಆ ಮೆಟ್ಟಿಲ ಮೇಲೆ ಅವಳು ಆಡಿದ ಮಾತು ಮನೆಮನೆಗೆ ಮುಟ್ಟಿತ್ತು. ಆಮೇಲಿನ ಯಾವ ಚುನಾವಣೆಯಲ್ಲೂ ಜನ ಅವಳನ್ನು ಸೋಲಿಸಲಿಲ್ಲ.

ಆದರೆ ಮನೆ... ಮಗುವಿಗೆ ತಲೆಸ್ನಾನ ಮಾಡಿಸುವ ಭಾನುವಾರವೊಂದೇ ಅಮ್ಮನ ಪಾಲಿಗೆ ಉಳಿದಿತ್ತು. ಒಮ್ಮೆ ಸೋಪು ಹಚ್ಚುತ್ತಾ ಹಚ್ಚುತ್ತಾ ಅವಳು ಬಚ್ಚಲ ಗೋಡೆಗೊರಗಿ ನಿದ್ದೆ ಹೋಗಿಬಿಟ್ಟಳು. ಗುಬ್ಬಿ ಕಣ್ಣುರಿಯುತ್ತಿದ್ದರೂ ಕೂಗಲಿಲ್ಲ. ಅಮ್ಮನನ್ನು ಎಬ್ಬಿಸದೆ, ನೀರು ತಣ್ಣಗಾಗುವವರೆಗೆ ಹಾಗೇ ಕೂತಿದ್ದಳು. ಹುಡುಕುತ್ತ ಬಂದ ಅಜ್ಜಿ ಅದನ್ನು ಕಂಡು ಸೆರಗು ಬಾಯಿಗೊತ್ತಿಕೊಂಡಿದ್ದಳು. ಬರಬರುತ್ತ ಆ ಭಾನುವಾರಗಳೂ ತಪ್ಪಿದವು.

ಹನ್ನೆರಡು ದಿನದ ಹಿಂದೆ, ಪ್ರಧಾನಿಯಾಗಿದ್ದ ಪಕ್ಷದ ಹಿರಿಯ ನಾಯಕ ಹುದ್ದೆ ಬಿಟ್ಟಾಗ, ಆ ಜಾಗಕ್ಕೆ ಪಕ್ಷದೊಳಗೆ ನಡೆಯುವ ಮತದಾನಕ್ಕೆ ಎಲ್ಲರೂ ಸೊಸೆಯ ಹೆಸರು ಹೇಳಿದರು. ಇವಳು ಮನೆಗೆ ಬಂದು ನೀಲಿ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟಳು. ಗೆದ್ದರೆ ಸರ್ಕಾರಿ ನಿವಾಸದಲ್ಲೇ ಇರಬೇಕು, ಕಾವಲಿನವರನ್ನು ದಾಟಿ ಬರಬೇಕು, ಗುಬ್ಬಿಯ ಶಾಲೆ ಮುಗಿಯುವ ತನಕ ಅವಳು ಅಜ್ಜಿಯ ಬಳಿಯೇ ಉಳಿಯಬೇಕು. ಎಲ್ಲವನ್ನೂ ಬಿಡಿಸಿ ಹೇಳಿ, ಒಂದು ಕಪ್ಪು ಬಂದರೂ ನಾನು ನಿಲ್ಲುವುದಿಲ್ಲ ಎಂದಳು.

ಮೂರು ಗುಂಡಿ ಬಿದ್ದವು. ಅಜ್ಜಿ ವಾಡಿಕೆಯಂತೆ ಬೆನ್ನು ತಿರುಗಿಸಿ ಮುಚ್ಚಳ ತೆಗೆದಳು. ಎರಡು ಬಿಳಿ, ಒಂದು ಕಪ್ಪು.

ಅವಳನ್ನು ತಡೀಬೇಡಮ್ಮ ಎಂದು ಕೊನೆಯುಸಿರಿನಲ್ಲಿ ಮಗ ಅಂದದ್ದು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬೆಕ್ಕಿನಂತೆ ಸದ್ದಿಲ್ಲದೆ ಬಂತು: ಇವಳು ಹೋದರೆ ಮಗು ಪೂರ್ತಿ ನನ್ನದು. ಅದರ ಜಡೆ, ಅದರ ಹಾಲಿನ ಲೋಟ, ಪಕ್ಕದಲ್ಲಿ ಮಲಗಿದ ಅದರ ಬಿಸಿಯುಸಿರು ಎಲ್ಲವೂ ನನ್ನದು. ಎರಡರಲ್ಲಿ ಯಾವುದು ತನ್ನ ಕೈಯನ್ನು ಆಡಿಸಿತೋ ಮುದುಕಿಗೆ ಇವತ್ತಿಗೂ ತಿಳಿಯದು. ಕಪ್ಪು ಗುಂಡಿ ಜೇಬಿಗಿಳಿಯಿತು. ಜೇಬಿನಲ್ಲಿದ್ದ ಬಿಳಿಯದೊಂದು ಡಬ್ಬಿಗೆ ಬಿತ್ತು. "ಮೂರೂ ಬಿಳಿ" ಎಂದು ಮೇಜಿನ ಮೇಲೆ ಸುರಿದಳು. ಸೊಸೆ ಮಗುವನ್ನು ತಬ್ಬಿ ಅತ್ತಳು. ಮಗು ಅಳಲಿಲ್ಲ. ಗುಂಡಿಗಳನ್ನು ನೋಡಿತು, ಅಜ್ಜಿಯನ್ನು ನೋಡಿತು, ಏನೋ ಕೇಳಬೇಕೆಂದು ಬಾಯಿ ತೆರೆದು, ಮುಚ್ಚಿಕೊಂಡಿತು. ಅಂದಿನಿಂದ ಇಂದಿನವರೆಗೆ ಆ ಬಾಯಿ ಅಷ್ಟಕ್ಕಷ್ಟೇ ತೆರೆಯುತ್ತಿತ್ತು.

ಈಗ ಟೈಲರಜ್ಜಿ ಗುಂಡಿಯನ್ನು ಬಿಗಿದು, ದಾರ ಹಲ್ಲಿನಿಂದ ಕಡಿದು, ಅಂಗಿಯನ್ನು ಮೊಮ್ಮಗಳ ಕೈಗಿತ್ತು, ಒಳಗೆ ಹೋಗಿ ಹಾಕಿಕೋ ಎಂದು ಕಳಿಸಿದಳು. ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದಳು. ಒದ್ದೆ ಕೂದಲಲ್ಲೇ ಸೊಸೆ ಮಂಚದಂಚಿಗೆ ಕುಸಿದು ಕುಳಿತಳು. ಆ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ.

ಮುದುಕಿ ಏಪ್ರನ್ನಿನ ಜೇಬಿನಿಂದ ಕಪ್ಪು ಗುಂಡಿ ತೆಗೆದು ಸೊಸೆಯ ಅಂಗೈಯಲ್ಲಿಟ್ಟಳು. "ಬೈದರೆ ಬೈಯಮ್ಮ, ಹೊಡೆದರೂ ಹೊಡಿ. ಇದು ಡಬ್ಬೀಲಿತ್ತು. ನಾನು ಬದಲಾಯಿಸಿದೆ."

ಸೊಸೆ ಗುಂಡಿಯನ್ನು ಹೊರಳಿಸಿ ನೋಡಲೂ ಇಲ್ಲ.

"ಗೊತ್ತಿತ್ತು ಅತ್ತೆ."

"ಏನು ಗೊತ್ತಿತ್ತು?"

"ನೀವು ಹಾಕಿದ ಬಿಳಿ ಗುಂಡೀಲಿ ಎರಡೇ ತೂತು. ಅದು ಶಾಲೆ ಅಂಗೀದು. ಅವರು ಆರಿಸಿಟ್ಟಿದ್ದ ಕೋಟಿನ ಗುಂಡಿಗೆಲ್ಲ ನಾಲ್ಕು ತೂತು. ನೀವು ಸುರಿದಾಗಲೇ ಕಂಡಿತು."

ಟೈಲರಜ್ಜಿ ನಲವತ್ತು ವರ್ಷದಲ್ಲಿ ಒಂದು ಅಂಗಿಗೂ ಜೋಡಿಯಲ್ಲದ ಗುಂಡಿ ಹಾಕಿದವಳಲ್ಲ. ಹಾಕಬಾರದ ಹೊತ್ತಿನಲ್ಲಿ ಹಾಕಿದ್ದಳು.

"ಗೊತ್ತಿದ್ದೂ ಸುಮ್ಮನಿದ್ದೆಯಾ ತಾಯಿ?"

"ಸುಮ್ಮನಿದ್ದೆ... ನೋಡೇ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ದಿನ ಅದೇ ಸುಳ್ಳಿನ ಮೇಲೆ ಓಡಾಡಿದೆ. ನೀವು ಮಾಡಿದ್ದು ಒಂದು ಗಳಿಗೆಯ ತಪ್ಪು ಅತ್ತೆ. ನನ್ನದು ಹಾಗಲ್ಲ."

ಅತ್ತೆ ನೆಲಕ್ಕೆ ಕುಕ್ಕರಿಸಿ ಸೊಸೆಯ ಮೊಣಕಾಲು ಹಿಡಿದಳು. ಹಿಂದೆ ಆಡಿದ ಕೊಂಕು ಮಾತುಗಳಿಗೆಲ್ಲ ಸೇರಿಸಿ ಈಗ ಕ್ಷಮೆ ಬೇಡಿಕೊಂಡಳು. ಇನ್ನೂ ಹೊತ್ತು ಮೀರಿಲ್ಲ, ಫೋನು ಮಾಡಿ ಆಗುವುದಿಲ್ಲ ಎಂದುಬಿಡು, ಜನ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ ಎಂದಳು. ಸೊಸೆ ಆ ಸುಕ್ಕುಗಟ್ಟಿದ ಕೈಗಳನ್ನು ತನ್ನ ಕೈಗಳೊಳಗೆ ತೆಗೆದುಕೊಂಡಳು. ಮದುವೆಯಾಗಿ ಬಂದ ಮೇಲೆ ಆ ಕೈಗಳನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಮೂರು ಸಲ ಫೋನಿನ ಹತ್ತಿರ ಹೋಗಿ ನಿಂತೆ. ಬೇಡ ಅನ್ನೋಕೆ ನನಗೆ ಮನಸ್ಸೇ ಬರಲ್ಲ ಅತ್ತೆ. ಆ ಮೆಟ್ಟಿಲ ಮೇಲೆ ಕೂತಾಗಿಂದ ನಾನು ಕಾಯ್ತಿರೋದು ಈ ಒಂದು ದಿನಕ್ಕೇ. ಎಂಥ ತಾಯಿ ನಾನು... ಹೇಳಿ."

ಅದನ್ನು ಹೇಳುವ ಅರ್ಹತೆ ಅತ್ತೆಗೆಲ್ಲಿಯದು? ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಹಣೆಯಾನಿಸಿ ಸದ್ದು ಹೊರಬಾರದಂತೆ ಅತ್ತರು. ಹೊರಗೆ ಕಾರು ಬಂದು ನಿಂತಿತು. ಬೇಕರಿಯವನು ಅಂಗಡಿ ಬಿಟ್ಟು ಓಡಿಬಂದು ಜೈಕಾರ ಹಾಕಿದ, ಬೀದಿಯವರು ದನಿಗೂಡಿಸಿದರು. ಸೊಸೆ ಕಣ್ಣೊರೆಸಿಕೊಂಡು ಎದ್ದಳು. ಅತ್ತೆ ಒಂದು ವಾರದ ಹಿಂದೆಯೇ ಹೊಲಿದಿಟ್ಟಿದ್ದ ಬೂದುಬಣ್ಣದ ಕೋಟನ್ನು ತೊಡಿಸಿ, ಬೆನ್ನ ಮೇಲೆ ಕೈಯಾಡಿಸಿ ಸುಕ್ಕು ಬಿಡಿಸಿದಳು.

ಆಗ ಬಾಗಿಲ ಪರದೆ ಅಲುಗಿತು. ಗುಬ್ಬಿ ಅಲ್ಲಿ ನಿಂತಿದ್ದಳು. ಅಂಗಿ ತೊಟ್ಟಿದ್ದಳು, ಬ್ಯಾಗು ಬೆನ್ನಿಗೇರಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಜ್ಜಿ ಆಗಷ್ಟೇ ಹಾಕಿಕೊಟ್ಟ ಗುಂಡಿಯ ಮೇಲೆ ಅವಳ ಬೆರಳು ಎರಡು ತೂತುಗಳನ್ನು ಸವರುತ್ತ ಸುತ್ತುತ್ತಿತ್ತು. ಅಮ್ಮ ಅಂಗೈಯಲ್ಲಿದ್ದ ಕಪ್ಪು ಗುಂಡಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳಲು ಹೋದಳು. ಬೆರಳುಗಳು ಮಡಚಲೊಲ್ಲದೆ ಹಾಗೇ ನಿಂತವು. ಹೊರಗೆ ಹಾರ್ನ್ ಮೊಳಗಿತು. ಮಗು ಅತ್ತ ತಿರುಗಲಿಲ್ಲ. ಹನ್ನೆರಡು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು, ಕೋಪವೂ ಇಲ್ಲದೆ, ಅಳುವೂ ಇಲ್ಲದೆ, ಗೊತ್ತಿಲ್ಲದ ಲೆಕ್ಕವೊಂದನ್ನು ಟೀಚರ ಬಳಿ ಕೇಳುವವಳ ದನಿಯಲ್ಲಿ ಹೊರಬಂತು.

"ಅಮ್ಮ, ನಂದೊಂದು ಗುಂಡೀನ ಮಾತ್ರ ನೀನು ಯಾಕೆ ಎಣಿಸಲಿಲ್ಲ?"