ಕರಿನಾಲಿಗೆಯ ಹುಡುಗಿ

"ಇವನಿಗೆ ಉಸಿರು ಸಾಲುವುದಿಲ್ಲ!"

ಝೀನತ್ ಹಾಗೆ ಹೇಳಿದ್ದೇ ತಡ, ಮೇಜಿನ ಆಚೆ ಕೂತಿದ್ದ ಹೊಸಬನ ಮುಖದ ನಗು ಮಾಯವಾಯಿತು.

ಅವಳು ಅದನ್ನು ಗಮನಿಸಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಅವನನ್ನೇ ನೋಡುತ್ತಾ ಮುಂದುವರಿಸಿದಳು.

"ಎತ್ತರ ಉಂಟು. ಭುಜ ಅಗಲ ಉಂಟು. ಆದರೆ ಎಡಭುಜ ಸ್ವಲ್ಪ ಕೆಳಗೆ. ಮೆಟ್ಟಿಲು ಹತ್ತಿದರೆ ತುಟಿ ನೀಲಿ ಆಗ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ ಆಳು, ಒಳಗೆ ಎಲ್ಲೋ ಸೋರ್ತಾ ಉಂಟು. ಇನ್ನು ಗುಣ... ಎಷ್ಟು ನೋವಾದರೂ ಯಾರಿಗೂ ಹೇಳುವುದಿಲ್ಲ. ಕೇಳಿದರೆ ನಗ್ತಾನೆ."



"ನಿಮಗೆ ಇದನ್ನು ಯಾರು ಹೇಳಿದ್ದು?" ಹೊಸಬ ತಗ್ಗಿದ ದನಿಯಲ್ಲಿ ಕೇಳಿದ.

"ಎಂತದ್ದನ್ನು?"

"ಎಂತ ಇಲ್ಲ..."

ಅಷ್ಟು ಹೇಳಿ ಅವನು ನಕ್ಕ. ಆ ನಗು ಕಂಡು ಝೀನತ್‌ಗೆ ಯಾಕೋ ಮೈ ಜುಮ್ಮೆಂದಿತು.

ಗಾಬರಿಯಾಗಬೇಡಿ, ಇದು ಮಾಟ ಮಂತ್ರದ ಮನೆಯಲ್ಲ! ಸೌದಿಯ ರಿಯಾದಿನ ಬತ್ಹಾ ಪೇಟೆಯಲ್ಲಿ, ಹಳೇ ಕಟ್ಟಡದ ಮೂರನೇ ಮಾಳಿಗೆಯಲ್ಲಿ, ಝೀನತಳ ಅಣ್ಣ ಶಹೀರನ ಮನೆ. ಹೆಂಗಸರ ಉದ್ದ ನಿಲುವಂಗಿ ಅಬಾಯದ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದ ಝೀನತ್ ಅಲ್ಲೇ ಇರುತ್ತಿದ್ದಳು. ಶುಕ್ರವಾರ ಜುಮಾ ನಮಾಜು ಮುಗಿದು ಬಿರಿಯಾನಿ ಉಂಡ ಮೇಲೆ ಅಲ್ಲಿ ಒಂದು ಆಟ ನಡೆಯುತ್ತಿತ್ತು. ಮೇಜಿನ ಮೇಲೆ ದಾಳಗಳು, ಒಂದು ಶಾಪಗ್ರಸ್ತ ಬೆಟ್ಟದ ನಕ್ಷೆ. ಕಥೆ ನಡೆಸುವವನು ಶಹೀರ್. ಉಳಿದವರು ಒಂದೊಂದು ಪಾತ್ರವಾಗಿ ಆ ಬೆಟ್ಟ ಹತ್ತಬೇಕು.

ಎಲ್ಲ ಕಡೆ ಆಡುವವರು ತಮ್ಮ ಪಾತ್ರವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಶಹೀರನ ಮೇಜಿನ ಕಾನೂನು ಬೇರೆ. "ತನಗೆ ತಾನೇ ಮಾಡಿಕೊಂಡರೆ ಎಲ್ಲರೂ ಆರಡಿ ಎತ್ತರ, ಎಲ್ಲರೂ ಧೈರ್ಯವಂತರು! ಎದುರು ಕೂತವರ ಮೈ, ಗುಣ ನೀವು ಮಾಡಬೇಕು. ಆಟ ಮುಗಿಯುವವರೆಗೆ ಯಾರೂ ಪಾತ್ರ ಬಿಡಬಾರದು. ಚಂದ ನಟಿಸಿದವರಿಗೆ ಒಂದು ದಾಳ ಹೆಚ್ಚು."

ಹೊಸಬನ ಹೆಸರು ನಬೀಲ್. ಉಳ್ಳಾಲದವನು, ಕಟ್ಟಡ ಕಂಪನಿಯಲ್ಲಿ ಇಂಜಿನಿಯರ್. ಈಗ ಝೀನತಳ ಪಾತ್ರ ಮಾಡುವ ಸರದಿ ಅವನದು.

"ನಿಮ್ಮ ಪಾತ್ರ ದೋಣಿ ನಡೆಸುವ ಹೆಂಗಸು," ಎಂದ ನಬೀಲ್. "ದಪ್ಪ ಮೈ."

ಝೀನತ್ ತಲೆ ತಗ್ಗಿಸಿದಳು. ಅವಳ ಮೈ ನೋಡಿ ಮೂರು ಸಂಬಂಧಗಳು ಬಂದ ದಾರಿಯಲ್ಲೇ ತಿರುಗಿ ಹೋಗಿದ್ದವು. 'ಇವನೂ ಶುರು ಮಾಡಿದ!' ಎಂದುಕೊಂಡಳು.

"ದಪ್ಪ ಅಂದರೆ ಬಲ," ನಬೀಲ್ ನಿಧಾನವಾಗಿ ಹೇಳಿದ. "ಬಿದ್ದವರನ್ನು ಎತ್ತಿಕೊಂಡು ನಡೆಯುವಷ್ಟು ಬಲ. ಗುಣ... ಜೋರಾಗಿ ನಗ್ತಾಳೆ. ಜೊತೆಗಿದ್ದವರನ್ನು ಬಿಟ್ಟು ಹೋಗುವುದಿಲ್ಲ."

ಝೀನತ್ ತಲೆ ಎತ್ತಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು.

"ಯಲ್ಲಾ, ಶುರು ಮಾಡುವ!" ಎಂದ ಅಖಿಲೇಶ್. ಅವನು ಶಹೀರನ ಆಫೀಸಿನ ಗೆಳೆಯ, ಕುಂದಾಪುರದವನು. ಅವನಿಗೋಸ್ಕರವೇ ಆ ಮನೆಯವರು ಶುಕ್ರವಾರ ಬ್ಯಾರಿ ಭಾಷೆ ಬಿಟ್ಟು ಕನ್ನಡ ಆಡುತ್ತಿದ್ದದ್ದು.

ಆಟ ಶುರುವಾಯಿತು. ಅದರ ಜೊತೆ ಇನ್ನೊಂದೂ ಶುರುವಾಯಿತು, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮುಂದಿನ ವಾರವೂ ಕಟ್ಟಡದ ಲಿಫ್ಟ್ ಕೆಟ್ಟೇ ಇತ್ತು. ಬಾಗಿಲು ತೆರೆದ ಝೀನತ್ ಬೆಚ್ಚಿಬಿದ್ದಳು. ನಬೀಲ್ ಗೋಡೆ ಹಿಡಿದು ನಿಂತಿದ್ದ. ಅವನ ತುಟಿ ನೀಲಿಯಾಗಿತ್ತು!

"ನೀವು... ಹುಷಾರಿದ್ದೀರಲ್ಲ?"

ಅವನು ನಕ್ಕ. "ಪಾತ್ರ ಬಿಡಬಾರದು ಅಂತ ಕಾನೂನು ಅಲ್ವಾ?"

"ಎಂಥಾ ನಟ ಮಾರಾಯ ನೀನು! ಮೆಟ್ಟಿಲಿಂದಲೇ ಶುರು!" ಅಖಿಲೇಶ್ ಬೆನ್ನು ತಟ್ಟಿದ. ಶಹೀರ್ ಒಂದು ದಾಳ ಹೆಚ್ಚು ಕೊಟ್ಟ.

ಇನ್ನೊಂದು ಶುಕ್ರವಾರ ಝೀನತ್ ಅವನ ಪಾತ್ರಕ್ಕೆ ಒಂದು ಮಾತು ಸೇರಿಸಿದಳು: "ಸಂಜೆಗೆ ಇವನ ಕಾಲು ಊದಿಕೊಳ್ತದೆ." ಅದರ ಮರುವಾರ ಅವನು ಬಾಗಿಲಲ್ಲಿ ಶೂ ಬಿಚ್ಚಿದಾಗ ನೋಡಿದಳು. ಕಾಲು ಬಾತಿತ್ತು. ಸಾಕ್ಸಿನ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು.

 ತುಟಿಯ ಬಣ್ಣ ಹೋಗಲಿ, ಕಾಲು ಊದುವುದನ್ನು ಯಾರಾದರೂ ನಟಿಸಲಿಕ್ಕೆ ಆಗುತ್ತದೆಯೇ?

ಚಿಕ್ಕಂದಿನಲ್ಲಿ ಅವಳು "ಅಣ್ಣ, ನೀನು ಬೀಳ್ತಿ" ಎಂದ ಗಳಿಗೆಯಲ್ಲೇ ಶಹೀರ್ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅಂದಿನಿಂದ ನೆಂಟರಿಷ್ಟರಲ್ಲಿ ಅವಳಿಗೆ ಕರಿನಾಲಿಗೆ ಎಂದೇ ಹೆಸರು. ಹೇಳಿದ ಕೆಟ್ಟದ್ದು ನಡೆದೇ ತೀರುತ್ತದೆ ಎಂದು. ದೊಡ್ಡವಳಾದ ಮೇಲೆ ಅವಳು ಅದನ್ನು ನಕ್ಕು ಮರೆತಿದ್ದಳು.

'ಯಾ ಅಲ್ಲಾಹ್... ನಾನು ಹೇಳಿದ್ದು ಒಂದೊಂದೇ ಇವನ ಮೈಗೆ ಹತ್ತುತ್ತಾ ಉಂಟಾ?'

ಆ ದಿನದಿಂದ ಅವಳು ಮೇಜಿನಲ್ಲಿ ಮಾತು ಕಡಿಮೆ ಮಾಡಿದಳು. ಆದರೆ ಕಣ್ಣು ಕೇಳಬೇಕಲ್ಲ! ಅವನು ಚಹಾದ ಲೋಟ ಎತ್ತುವಾಗ, ದಾಳ ಉರುಳಿಸುವಾಗ, ಅವಳ ನೋಟ ಅಲ್ಲೇ ಇರುತ್ತಿತ್ತು. ಅವನೂ ನೋಡುತ್ತಿದ್ದ. ಅವಳು ಜೋರಾಗಿ ನಕ್ಕರೆ ಅವನ ಮುಖ ಬೆಳಗುತ್ತಿತ್ತು. ಹೆದರಿಕೆಯೂ ಪ್ರೀತಿಯೂ ಒಟ್ಟಿಗೇ ಬೆಳೆದವು, ಯಾವುದು ಯಾವುದೆಂದು ಅವಳಿಗೇ ತಿಳಿಯದಾಯಿತು.

ಇದೆಲ್ಲ ಅತ್ತಿಗೆ ರಮ್ಲತಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ಗಂಡನ ಮೂಲಕ ಸಂಬಂಧದ ಮಾತು ಕೇಳಿಸಿಯೇ ಬಿಟ್ಟಳು.

ನಬೀಲನ ಉತ್ತರ ಒಂದೇ ಪದದಲ್ಲಿ ಬಂತು. "ಬೇಡ."

"ಯಾಕಂತೆ?" ಝೀನತ್ ಕೇಳಿದಳು. ದನಿ ಅವಳದೇ ಅನ್ನಿಸಲಿಲ್ಲ.

"ಕಾರಣ ಹೇಳಲಿಲ್ಲ ಮಗಳೇ," ಎಂದಳು ರಮ್ಲತ್. " ಸುಮ್ಮನೆ ನಕ್ಕನಂತೆ."

ನಕ್ಕನಂತೆ! ಝೀನತ್ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತಳು. 'ದಪ್ಪ ಅಂದರೆ ಬಲ ಅಂದೆಯಲ್ಲ... ಆಟದಲ್ಲಿ ಬೇಕು, ಮನೆಗೆ ಬೇಡ. ಅಷ್ಟೇ ಅಲ್ವಾ?' ಅವಳ ಕಣ್ಣು ತುಂಬಿ ಬಂತು.

ರಜೆಗೆ ಎಲ್ಲರೂ ತಾಯಿಫ್‌ಗೆ ಹೋಗಿ ಬೆಟ್ಟದ ಮೇಲೆ ಆಟದ ಕೊನೆಯ ಭಾಗ ಆಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಝೀನತ್ ಬರುವುದಿಲ್ಲ ಎಂದಳು. ರಮ್ಲತ್ ಬಿಡಲಿಲ್ಲ. ನಬೀಲ್ ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡರೆ ಅವನೂ ಬಂದ. ಅವಳನ್ನು ಇನ್ನೊಮ್ಮೆ ನೋಡುವ ಆಸೆಯಿಂದ ಬಂದನೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬಾಡಿಗೆಗೆ ಹಿಡಿದ ಮನೆಯ ಅಂಗಳದಲ್ಲಿ ಚಾಪೆ ಹಾಸಿದರು. ತಂಪು ಗಾಳಿ. ಮಧ್ಯಾಹ್ನವೇ ಮೋಡ ಕೆಳಗಿಳಿದು ಎದುರಿನ ಬೆಟ್ಟ ಕಾಣದಂತಾಗಿತ್ತು. ಎಲ್ಲೋ ಮಂಗಗಳು ಕಿರುಚಿದವು.

"ಕೊನೆಯ ಏರು," ಶಹೀರ್ ಕಥೆ ಶುರು ಮಾಡಿದ. "ಹತ್ತಿದವರಲ್ಲಿ ಒಬ್ಬ ಹಿಂದೆ ಬರುವುದಿಲ್ಲ ಅಂತ ಬೆಟ್ಟದ ಶಾಪ. ನಬೀಲ್, ಏರಬೇಕಾದ್ದು ನೀನು. ಎಂತ ಮಾಡ್ತಿ?"

ನಬೀಲ್ ಬಾಯಿ ತೆರೆದ. ಮಾತು ಬರಲಿಲ್ಲ. ಒಂದು ಕೈ ಎದೆಗೆ ಹೋಯಿತು, ಇನ್ನೊಂದು ಚಾಪೆಯನ್ನು ತಡಕಿತು. ಉಸಿರು ಕಿರುಗುಟ್ಟಿತು.

"ಆಹಾ!" ಅಖಿಲೇಶ್ ಸೀಟಿ ಹೊಡೆದ. ಶಹೀರ್ ಚಪ್ಪಾಳೆ ತಟ್ಟಿದ. ರಮ್ಲತ್ ಕೂಡ ನಕ್ಕಳು.

ಝೀನತ್‌ಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ಸಾಕು ನಿಮ್ಮ ನಾಟಕ! ಎಲ್ಲದಕ್ಕೂ ನಟನೆ, ಎಲ್ಲದಕ್ಕೂ ನಗು! ಒಮ್ಮೆಯಾದರೂ ನಿಜ ಹೇಳ್ಲಿಕ್ಕೆ ಆಗುವುದಿಲ್ವಾ ನಿಮಗೆ?"

ಅವನು ಅವಳ ಕಡೆ ತಿರುಗಿದ. ಆದರೆ ಅವಳನ್ನು ನೋಡಲಿಲ್ಲ, ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಅಷ್ಟು ತಂಪಿನಲ್ಲೂ ಅವನ ಹಣೆಯಿಂದ ಬೆವರು ಸುರಿಯುತ್ತಿತ್ತು.

"ಅಣ್ಣ... ಇದು ಆಟ ಅಲ್ಲ!"

"ಪಾತ್ರ ಬಿಡಬೇಡ ಝೀನು—"

"ಆಟ ಅಲ್ಲ ಅಂದೆನಲ್ಲ! ಅವರು ಸಾಯ್ತಾ ಇದ್ದಾರೆ!"

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳು ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ನಬೀಲ್ ಪಕ್ಕಕ್ಕೆ ಒರಗಿದ.

ಚಪ್ಪಾಳೆಯ ಕೈಗಳು ಅಲ್ಲಲ್ಲೇ ನಿಂತವು.  ಝೀನತ್ ಮಾತ್ರ ಎದ್ದಳು. ಅವನ ತೋಳಿನ ಕೆಳಗೆ ಹೆಗಲು ಕೊಟ್ಟು, ಸೊಂಟ ಬಿಗಿಹಿಡಿದು, ಅವನ ಅಷ್ಟೂ ಭಾರವನ್ನು ತನ್ನ ಮೇಲೆ ಎಳೆದುಕೊಂಡು ಗೇಟಿನ ಕಡೆ ನಡೆದಳು.

"ಅಖಿಲೇಶ್, ಕಾರು ತೆಗೀರಿ! ಎಂತ ನೋಡ್ತೀರಿ?"

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದಿಷ್ಟು: ಹೃದಯದ ಕವಾಟ ಹಾಳಾಗಿದೆ, ರಕ್ತ ಹಿಂದಕ್ಕೆ ಸೋರುತ್ತಿದೆ. ಈ ಎತ್ತರದ ಊರಿಗೆ ಅವನು ಬರಲೇಬಾರದಿತ್ತು. ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು. ಗ್ಯಾರಂಟಿ ಕೊಡುವುದಿಲ್ಲ.

ಸೋರುತ್ತಿದೆ! ಝೀನತ್ ಗೋಡೆಗೆ ಒರಗಿದಳು. ಅವಳದೇ ಮಾತು ಡಾಕ್ಟರ ಬಾಯಿಂದ ಬಂದಿತ್ತು.

ಸಂಜೆ ಅವಳನ್ನು ಒಳಗೆ ಬಿಟ್ಟರು. ರಮ್ಲತ್ ಬಾಗಿಲ ಬಳಿ ನಿಂತಳು. ನಬೀಲನ ಮೂಗಿಗೆ ನಳಿಕೆ, ಮುಖ ಬಿಳಿಚಿತ್ತು.

"ನನ್ನನ್ನು ಕ್ಷಮಿಸಿ," ಝೀನತ್ ಬಿಕ್ಕಿದಳು. "ನನ್ನದು ಕರಿನಾಲಿಗೆ. ನಾನು ಹೇಳಿದ್ದಕ್ಕೇ ನಿಮಗೆ ಹೀಗಾಯ್ತು..."

"ಹುಚ್ಚಾ ನಿಮಗೆ?" ಅವನು ಕಷ್ಟಪಟ್ಟು ಹೇಳಿದ. "ಇದು ನನಗೆ ಎರಡು ವರ್ಷದಿಂದ ಗೊತ್ತುಂಟು."

ಅವಳು ಕಣ್ಣರಳಿಸಿ ನೋಡಿದಳು.

"ನೀವು ಅಬಾಯದ ಅಂಗಡಿಯಲ್ಲಿ ಡಿಸೈನ್ ಮಾಡುವವರಲ್ವಾ? ಟೇಪ್ ಇಲ್ಲದೆ, ಕಣ್ಣಳತೆಯಲ್ಲೇ ಮೈ ತಿಳಿಯುವವರು. ಆ ದಿನ ನಾನು ಮೂರು ಮಾಳಿಗೆ ಹತ್ತಿ ಬಂದು ಕೂತಿದ್ದೆ. ನನ್ನ ಭುಜ, ತುಟಿ, ಉಸಿರು... ನೀವು ಕಟ್ಟಿ ಹೇಳಿದ್ದಲ್ಲ ಝೀನತ್, ಕಂಡದ್ದನ್ನೇ ಹೇಳಿದ್ದು. ಕಾಲು ಊದಿದ್ದೂ ಹಾಗೇ, ನಾನು ಕುಂಟಿಕೊಂಡು ನಡೆಯುವುದನ್ನು ನೋಡಿದ್ದಿರಿ. ನಿಮಗೇ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ಯಾಕೆ ನಟನೆ ಅಂದ್ರಿ?"

"ನನ್ನ ಬಾಪ ಇದೇ ಕಾಯಿಲೆಯಲ್ಲಿ ತೀರಿಹೋದರು. ಊರಲ್ಲಿರುವ ಉಮ್ಮನಿಗೆ ಗೊತ್ತಾದರೆ ತಡೆದುಕೊಳ್ಳುವುದಿಲ್ಲ ಅಂತ ಎಲ್ಲರಿಂದಲೂ ಮುಚ್ಚಿಟ್ಟೆ. ನಿಮ್ಮ ಮೇಜಿನಲ್ಲಿ ಮುಚ್ಚಿಡಬೇಕಾಗಿರಲಿಲ್ಲ. ಅಲ್ಲಿ ಸುಸ್ತಾದರೆ ಚಪ್ಪಾಳೆ ತಟ್ಟುತ್ತಿದ್ದರು." ಅವನು ಉಸಿರು ತೆಗೆದುಕೊಂಡ. "ನಿಮ್ಮನ್ನು ಬೇಡ ಅಂದದ್ದು ನಿಮಗೋಸ್ಕರ. ಮದುವೆಯಾಗಿ ವರ್ಷ ತುಂಬುವ ಮೊದಲು ನಿಮ್ಮನ್ನು ಒಂಟಿ ಮಾಡ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ."

"ನಾನು ದಪ್ಪ ಅಂತ ಬೇಡ ಅಂದದ್ದಲ್ವಾ?"

ಅವನ ಕಣ್ಣಲ್ಲಿ ನೀರು ಬಂತು. "ನಿಮ್ಮನ್ನು ನೋಡದೆ ಒಂದು ಶುಕ್ರವಾರ ಕಳೆಯಲಿಕ್ಕೆ ಆಗುವುದಿಲ್ಲ ಅಂತ ತಾನೇ ಈ ಬೆಟ್ಟ ಹತ್ತಿದ್ದು! ಪ್ರೀತಿ ಆಗಿದೆ ಝೀನತ್. ಹೇಳಬಾರದಿತ್ತು... ಹೇಳಿಬಿಟ್ಟೆ."

ಅವಳು ಅಳುತ್ತಲೇ ಅವನ ಫೋನನ್ನು ಎತ್ತಿ ಅವನ ಕೈಗಿಟ್ಟಳು.

"ನನಗೆ ಹೇಳಿದ ಹಾಗೆ ಉಮ್ಮನಿಗೂ ಹೇಳಿ. ಇವತ್ತೇ, ಈಗಲೇ. ಮಗ ಯಾವ ಬಾಗಿಲೊಳಗೆ ಹೋಗ್ತಾನೆ ಅಂತ ಹೆತ್ತವಳಿಗೆ ಗೊತ್ತಿರಬೇಕು. ಅವರು ದುಆ ಮಾಡಲಿ."

"ತಡೆದುಕೊಳ್ಳುವುದಿಲ್ಲ ಅವರು..."

"ಗೊತ್ತಿಲ್ಲದೆ ಕಳೆದುಕೊಂಡರೆ ತಡೆದುಕೊಳ್ತಾರಾ?"

ನಬೀಲ್ ಊರಿನ ನಂಬರ್ ಒತ್ತಿದ. ಝೀನತ್ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗಿನಿಂದ "ಉಮ್ಮಾ..." ಎಂಬ ಒಡೆದ ದನಿ ಕೇಳಿತು.

ಬೆಳಿಗ್ಗೆ ಅವನನ್ನು ಕರೆದೊಯ್ದರು. ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಆರುವ ಹಾಗೆ ಕಾಣಲಿಲ್ಲ. ಶಹೀರ್ ತಲೆ ಮೇಲೆ ಕೈ ಹೊತ್ತು ಕೂತ. ತಾನು ತಟ್ಟಿದ ಚಪ್ಪಾಳೆ ಅವನ ಕಿವಿಯಿಂದ ಹೋಗುತ್ತಿರಲಿಲ್ಲ. ರಮ್ಲತಳ ಬೆರಳು ತಸ್ಬೀಹ್ ಜಪಮಾಲೆಯ ಮಣಿಗಳ ಮೇಲೆ ಓಡುತ್ತಿತ್ತು. ನಡುವೆ ಒಬ್ಬ ನರ್ಸ್ ಓಡಿ ಹೊರಬಂದು, ರಕ್ತದ ಚೀಲ ಹಿಡಿದು ಮತ್ತೆ ಒಳಗೆ ಓಡಿದಳು. ಅಖಿಲೇಶ್ ಏನಾಯಿತೆಂದು ಕೇಳಿದ. ಅವಳು ನಿಲ್ಲಲಿಲ್ಲ. ಝೀನತ್ ತುಟಿ ಕಚ್ಚಿಕೊಂಡು, ಒಂದು ಮಾತೂ ಹೊರಗೆ ಬಾರದಂತೆ ಕೂತಿದ್ದಳು.

ಇಳಿಹೊತ್ತಿನ ಅಸರ್ ಬಾಂಗ್ ಕೇಳಿದ ಮೇಲೆ ಡಾಕ್ಟರು ಹೊರಬಂದರು. ಮಾಸ್ಕ್ ಇಳಿಸಿದರು. "ಒಮ್ಮೆ ಹೃದಯ ನಿಂತಿತ್ತು. ಈಗ ನಡೆಯುತ್ತಾ ಇದೆ," ಎಂದರು.

ಅವನು ಕಣ್ಣು ತೆರೆದದ್ದು ಮರುದಿನ. ಝೀನತ್ ಮಂಚದ ಪಕ್ಕ ಬಾಗಿದಳು.

"ನೋವು ಉಂಟಾ?"

"ಉಂಟು," ಎಂದ ನಬೀಲ್. ನಗಲಿಲ್ಲ. "ತುಂಬಾ ನೋವುಂಟು."

ಝೀನತಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒಬ್ಬ ಗಂಡಸು ನೋವು ಎಂದದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಗಸು ಆ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಲ್ಲ.

"ಆ ದಿನ ಫೋನಲ್ಲಿ ಉಮ್ಮ ಎಂತ ಹೇಳಿದ್ರು?"

"ಮೊದಲು ಅತ್ತರು. ಮತ್ತೆ ಚೆನ್ನಾಗಿ ಬೈದರು. ಕೊನೆಗೆ, ಹತ್ತಿರ ಯಾರಿದ್ದಾರೆ ಅಂತ ಕೇಳಿದರು."

"ನೀವು ಎಂತ ಹೇಳಿದ್ರಿ?"

"ನಿಮ್ಮ ಸೊಸೆ ಇದ್ದಾಳೆ ಅಂದೆ." ಅವನು ಅಳುಕುತ್ತಾ ಅವಳ ಮುಖ ನೋಡಿದ. "ಕೇಳದೆ ಹೇಳಿದೆ. ತಪ್ಪಾಯ್ತಾ?"

ಝೀನತ್ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಕೇಳದೆ ಹೇಳಿದ್ದು ತಪ್ಪು. ಹೇಳಿದ್ದು ತಪ್ಪಲ್ಲ."