ಅಂದು ನುಂಗಿದ ಒಂದು ಮಾತ್ರೆ

"ಮುಟ್ಟಬೇಡಿ!"

ಅವನು ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಫ್ರೇಮ್ ಜಾರಿ ಕೌಂಟರಿನ ಮೇಲೆ ಬಿತ್ತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸವೇ ಮುಟ್ಟುವುದು. ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಾಗಿಸಿ, ಸರಿಯಾಯಿತೇ ಎಂದು ಕೇಳುವುದು. ಯಾರೂ ಹೀಗೆ ಹೌಹಾರಿರಲಿಲ್ಲ.

"ಗಾಜು ಮಂಜಾಗುತ್ತೆ ಅಂದ್ರಲ್ಲ... ನಿಮ್ಮ ಮಾಸ್ಕಿನ ತಂತಿ ಮೂಗಿಗೆ ಒತ್ತೋಣ ಅಂತ ಬಂದೆ."

"ನಾನೇ ಒತ್ಕೋತೀನಿ."

'ಅಬ್ಬಾ, ಎಂಥ ದೊಡ್ಡಸ್ತಿಕೆ! ನನ್ನ ಕೈಯೇನು ಕೆಸರಲ್ಲಿ ಅದ್ದಿದೆಯಾ?'

ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ.

"ಬೇಜಾರು ಮಾಡ್ಕೋಬೇಡಿ. ನನಗೆ ಕಿಡ್ನಿ ಕಸಿ ಆಗಿದೆ. ಸಣ್ಣ ಸೋಂಕು ತಗುಲಿದ್ರೂ ಅಪಾಯ. ನಿಮ್ಮ ಕೈ ಅಂತಲ್ಲ... ನನಗೆ ಎಲ್ಲರ ಕೈಯೂ ಭಯ."

ಅವಳು ತಲೆ ತಗ್ಗಿಸಿದಳು.

ಅವನು ಮೇಷ್ಟ್ರು. ಈಗ ಶಾಲೆಗೆ ಹೋಗದೆ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದ. ಆಮೇಲೆ ಅವನ ಕನ್ನಡಕದ ತಿರುಪು ಪದೇಪದೇ ಸಡಿಲವಾಗತೊಡಗಿತು. ಅದು ತಾನಾಗಿ ಸಡಿಲವಾಗುತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಿಡ್ನಿ ಕೊಟ್ಟವಳು ಅವನ ಸ್ವಂತ ಅಕ್ಕ. ಆ ಕಿಡ್ನಿಗೂ ಅವನು 'ಅಕ್ಕ' ಎಂದೇ ಹೆಸರಿಟ್ಟಿದ್ದ.

"ಅಕ್ಕ ಹೇಗಿದ್ದಾಳೆ?" ಎಂದು ಅವಳು ಕೇಳಿದರೆ, "ಒಳಗಿನವಳು ಆರಾಮ. ಹೊರಗಿನವಳು ಬೈತಿದ್ದಾಳೆ," ಎನ್ನುತ್ತಿದ್ದ.

ಹೊರಗಿನ ಅಕ್ಕ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಹಣೆಗೆ ಥರ್ಮಾಮೀಟರ್ ಹಿಡಿಯದೆ ಯಾರನ್ನೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಸ್ವಂತ ಗಂಡನನ್ನೂ!

ಒಂದು ದಿನ ಅವನು ಫೋನಿನಲ್ಲಿ ಹೇಳಿದ.

"ಭಾನುವಾರ ನಮ್ಮನೆ ಟೆರೇಸಿಗೆ ಬಾ. ಮಾಸ್ಕ್ ತೆಗೆದು ಒಂದು ಮಾತು ಹೇಳಬೇಕು."

ಅವನ ಮುಖವನ್ನು ಅವಳು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ.

ಆ ಭಾನುವಾರ ಎದ್ದಾಗ ಗಂಟಲು ಕೆರೆಯುತ್ತಿತ್ತು. ಮೈ ಕಾದಿತ್ತು. 'ಬರೀ ಮುಖ ನೋಡಿ ಬಂದುಬಿಡ್ತೀನಿ... ಅಷ್ಟರಲ್ಲಿ ಏನಾಗುತ್ತೆ?' ಎಂದುಕೊಂಡು ಜ್ವರದ ಮಾತ್ರೆ ನುಂಗಿ ಹೊರಟಳು.

ಬಾಗಿಲಲ್ಲಿ ಅಕ್ಕ ಹಣೆಗೆ ಥರ್ಮಾಮೀಟರ್ ಹಿಡಿದಳು.

"ಜ್ವರ ಇಲ್ಲ. ಬಾರಮ್ಮ ಒಳಗೆ."

ಟೆರೇಸಿನಲ್ಲಿ ಅವನು ಮಾಸ್ಕ್ ತೆಗೆದ. ಮುಂದಿನ ಹಲ್ಲೊಂದು ಚೂರು ಮುರಿದಿತ್ತು.

"ನೋಡು, ಇಷ್ಟೇ ನಾನು... ಕಡೇವರೆಗೂ ಜೊತೆಗಿರ್ತೀಯಾ?"

"ಹೂಂ..." ಎಂದಳು. ತನ್ನ ಮಾಸ್ಕನ್ನೂ ತೆಗೆದಳು.

ಅವನು ಅವಳ ಕೈ ಹಿಡಿದುಕೊಂಡ. ಕತ್ತಲಾಗುವವರೆಗೂ ಬಿಡಲಿಲ್ಲ. ಅಷ್ಟರಲ್ಲಿ ಮಾತ್ರೆಯ ಬಲ ಇಳಿಯತೊಡಗಿತ್ತು.

ಕೆಲವೇ ದಿನಗಳಲ್ಲಿ ಅವನು ಆಸ್ಪತ್ರೆ ಸೇರಿದ.

ಡಾಕ್ಟರ್ ಹೇಳಿದ್ದನ್ನು ಅಕ್ಕ ಅಳುತ್ತಲೇ ಅವಳಿಗೆ ಫೋನಿನಲ್ಲಿ ಒಪ್ಪಿಸಿದಳು. "ಮೈಯೊಳಗೆ ಕಾವಲುಗಾರರು ಇರ್ತಾರಂತೆ. ನನ್ನ ಕಿಡ್ನಿ ಅವರಿಗೆ ಯಾವತ್ತಿದ್ರೂ ಹೊರಗಿನದೇ ಅಂತೆ. ಅದಕ್ಕೇ ದಿನಾ ಮಾತ್ರೆ ಕೊಟ್ಟು ಅವರನ್ನ ತೂಕಡಿಸೋ ಹಾಗೆ ಇಡೋದು. ಈಗ ಈ ಹಾಳು ಫ್ಲೂ ಹೋಗಿ ಎಬ್ಬಿಸಿಬಿಟ್ಟಿದೆ. ಎದ್ದವರು ಕಳ್ಳನನ್ನಷ್ಟೇ ಹೊಡೆದು ಸುಮ್ಮನಾಗ್ತಿಲ್ಲ, ಮನೇಲಿರೋ ನೆಂಟರನ್ನೂ ಹೊಡೀತಿದ್ದಾರಂತೆ... ಕಿಡ್ನಿ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ ಕಣೇ. ಎಲ್ಲಾ ಈ ನಮ್ಮನೆಯವರಿಂದ. ಎಲ್ಲಿಂದಲೋ ಹತ್ತಿಸ್ಕೊಂಡು ಬಂದ್ರು!"

'ನಾನು, ಅಕ್ಕ... ತಂದಿದ್ದು ನಾನು!'

ಅದನ್ನು ಹೇಳದೆಯೇ ಫೋನ್ ಇಟ್ಟುಬಿಟ್ಟಳು.

ಅಂದಿನಿಂದ ಅವಳು ಆ ಮನೆಯವರ ಫೋನ್ ಎತ್ತಲಿಲ್ಲ. ಅವನದನ್ನೂ ಎತ್ತಲಿಲ್ಲ. ಅಂಗಡಿಯ ತುಂಬ ಕನ್ನಡಿಗಳು. ಎತ್ತ ತಿರುಗಿದರೂ ತನ್ನದೇ ಮುಖ. ಕೌಂಟರಿನ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು.

ಒಂದು ಮಧ್ಯಾಹ್ನ ಅಕ್ಕನ ಗಂಡ ಅಂಗಡಿಗೆ ಬಂದರು. ಅವನಂತೆ ಅವಳೂ ಅವರನ್ನು ಭಾವ ಎಂದೇ ಕರೆಯುತ್ತಿದ್ದಳು. ಕೈಯಲ್ಲಿ ಕಡ್ಡಿ ಮುರಿದ ಕನ್ನಡಕ.

"ನಿಮ್ಮಕ್ಕ ಬೈದ ಭರಕ್ಕೆ ಇದರ ಮೇಲೇ ಕೂತ್ಬಿಟ್ಟೆ ಕಣಮ್ಮ," ಎಂದು ನಕ್ಕರು. "ನಾನು ಸೀನಿದ್ದು ಒಂದೇ ಒಂದು ಸಲ, ಅದೂ ಮೆಣಸಿನಕಾಯಿ ಘಾಟಿಗೆ! ಆದ್ರೂ ಈಗ ವರಾಂಡದಲ್ಲೇ ನನ್ನ ಹಾಸಿಗೆ. ಆಸ್ಪತ್ರೆಗೂ ಬರಬೇಡಿ ಅಂದಿದ್ದಾಳೆ."

ಅವಳು ತಿರುಪುಳಿ ಕೆಳಗಿಟ್ಟಳು.

ಭಾವನ ನಗು ಆರಿತು. "ನಿಜವಾಗಲೂ ನನ್ನಿಂದಲೇ ಆಯ್ತೇನೋ... ಆ ಹುಡುಗನ್ನ ಎತ್ತಿ ಆಡಿಸಿದವನು ನಾನು. ನೀನಾದ್ರೂ ಹೋಗಿ ನೋಡಮ್ಮ. ಅವನ ಕಣ್ಣೆಲ್ಲ ಬಾಗಿಲ ಕಡೆಗೇ ಅಂತೆ. ರೋಗಿಷ್ಟನ ಸಹವಾಸ ಸಾಕು ಅಂತ ನೀನು ಬಿಟ್ಟುಹೋದೆ ಅಂದ್ಕೊಂಡಿದ್ದಾನೆ."

ಅವಳು ಅಲ್ಲಿಂದೆದ್ದು ನೇರವಾಗಿ ಆಸ್ಪತ್ರೆಗೆ ಹೋದಳು.

ವಾರ್ಡಿನ ಬಾಗಿಲಲ್ಲೂ ಅಕ್ಕ ಅಭ್ಯಾಸಬಲದಿಂದ ಥರ್ಮಾಮೀಟರ್ ಎತ್ತಿದಳು.

"ಅದನ್ನ ನಂಬಬೇಡಿ ಅಕ್ಕ..." ಅವಳ ಕಣ್ಣು ನೆಲದಲ್ಲಿತ್ತು. "ಆ ಭಾನುವಾರ ನನಗೆ ಜ್ವರ ಇತ್ತು. ಮಾತ್ರೆ ನುಂಗಿ ಬಂದಿದ್ದೆ. ಭಾವನದು ಏನೂ ತಪ್ಪಿಲ್ಲ. ನಾನೇ ತಂದಿದ್ದು."

ಅಕ್ಕನ ಕೈ ಗಾಳಿಯಲ್ಲೇ ನಿಂತಿತು.

"ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದೆ ಕಣೇ ಅದನ್ನ..."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಕ್ಕ ಬೈಯಲಿಲ್ಲ. ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

"ನನಗೆ ಗೊತ್ತಿತ್ತು ಅಕ್ಕ," ಎಂದಿತು ಹಾಸಿಗೆಯಿಂದ ಒಂದು ಸಣ್ಣ ಧ್ವನಿ.

ಇಬ್ಬರೂ ತಿರುಗಿದರು.

"ಅವಳ ಕೈ ಸುಡ್ತಿತ್ತು. ಬಿಡಬೇಕು ಅಂತ ಗೊತ್ತಿತ್ತು... ಬಿಡಲಿಲ್ಲ. ನೀನು ಭಾವನ್ನ ಬೈವಾಗಲೂ ಬಾಯಿ ಮುಚ್ಕೊಂಡಿದ್ದೆ." ಅವನು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದ. "ನೀನು ಕೊಟ್ಟಿದ್ದನ್ನ ನಾನೇ ಕಾಯಲಿಲ್ಲ ಅಕ್ಕ."

ಅಕ್ಕ ಕುರ್ಚಿಯಲ್ಲಿ ಕುಸಿದಳು. ಫೋನ್ ತೆಗೆದು ಗಂಡನಿಗೆ ಕರೆ ಮಾಡಿದಳು.

"ರೀ... ಇವತ್ತು ಒಳಗೇ ಮಲಗಿ... ಯಾಕೂ ಇಲ್ಲ! ಹೇಳಿದಷ್ಟು ಮಾಡಿ." ಅವಳ ಧ್ವನಿ ಒಡೆಯಿತು. "ಊಟ ಆಯ್ತಾ?"

ಕಣ್ಣೊರೆಸಿಕೊಂಡು ಎದ್ದವಳು ಬಾಗಿಲಲ್ಲಿ ನಿಂತಿದ್ದವಳನ್ನು ದಿಟ್ಟಿಸಿದಳು.

"ಇನ್ನೊಂದ್ಸಲ ಜ್ವರ ಬಂದ್ರೆ ಫೋನ್ ಮಾಡು. ನಿನ್ನ ಮನೆಗೇ ಬಂದು ನೋಡ್ಕೋತೀನಿ. ನನ್ನ ಬಾಗಿಲಿಗೆ ಮಾತ್ರ ಸುಳ್ಳು ತರಬೇಡ. ಹೋಗು, ಕೈ ತೊಳ್ಕೊಂಡು ಬಾ." ಹಾಗೆಂದು ಡಾಕ್ಟರನ್ನು ನೋಡಲು ಹೊರಗೆ ಹೋದಳು.

ಕೈ ತೊಳೆದು ಬಂದು ಅವಳು ಹಾಸಿಗೆಯ ಪಕ್ಕದಲ್ಲಿ ನಿಂತಳು. ಕೂರುವ ಧೈರ್ಯವಾಗಲಿಲ್ಲ.

"ನನ್ನ ಮೇಲೆ ಸಿಟ್ಟಿಲ್ಲವಾ? ಹಾಗೆ ಬಂದಿದ್ದಕ್ಕೆ..."

"ಬಂದಿದ್ದಕ್ಕಲ್ಲ. ಆಮೇಲೆ ಬರದೇ ಇದ್ದಿದ್ದಕ್ಕೆ ಇದೆ."

"ಅಕ್ಕ... ಹೇಗಿದ್ದಾಳೆ?"

"ಹೊರಗಿನವಳನ್ನ ನೀನೇ ನೋಡಿದೆಯಲ್ಲ. ಒಳಗಿನವಳು ಏಟು ತಿಂದಿದ್ದಾಳೆ. ಮೊದಲಿನಷ್ಟು ಕೆಲಸ ಮಾಡಲ್ಲವಂತೆ. ಆದ್ರೆ ಮನೆ ಬಿಟ್ಟು ಹೋಗಲ್ಲವಂತೆ. ಬೆಳಿಗ್ಗೆ ಡಾಕ್ಟ್ರು ಹೇಳಿದ್ರು."

ಅವಳು ಮುಖ ಮುಚ್ಚಿಕೊಂಡು ಅತ್ತಳು.

ತಲೆ ಎತ್ತಿದಾಗ ಅವನ ಕನ್ನಡಕ ಪೂರ್ತಿ ಮಂಜಾಗಿತ್ತು. ಆ ಗಾಜಿನ ಹಿಂದೆ ಅವನೂ ಅಳುತ್ತಿದ್ದ.

"ಮಾಸ್ಕಿನ ತಂತಿ ಸರಿಯಾಗಿ ಕೂತಿಲ್ಲ," ಎಂದಳು ಮೆಲ್ಲಗೆ. "ಮುಟ್ಟಲಾ?"

"ಕೈ ತೊಳ್ಕೊಂಡ್ಯಾ?"

"ಹೂಂ."

"ಜ್ವರ?"

"ಇಲ್ಲ. ಮಾತ್ರೆಯನ್ನೂ ನುಂಗಿಲ್ಲ."

ಅವನು ಕಣ್ಣು ಮುಚ್ಚಿ ಮುಖವನ್ನು ಅವಳ ಕಡೆಗೆ ಎತ್ತಿದ.

"ಹಾಗಾದ್ರೆ ಕೇಳೋದೇನು... ಮುಟ್ಟು."