ಏಳು ಮನೆಯ ಡಬ್ಬಿ, ಒಂದು ಲೋಟ ಹಾಲು

"ಈ ಕಲೆ ಹೇಗಾಯ್ತು ಅಜ್ಜ? ನಿಜ ಹೇಳಿ... ಯಾರಾದ್ರೂ ಹೊಡೆದ್ರಾ?"

ಮಾತ್ರೆ ತುಂಬಿಡಲು ಬಂದಿದ್ದ ನರ್ಸ್ ಹಿರಿಯರ ಅಂಗಿಯ ತೋಳನ್ನು ಇನ್ನಷ್ಟು ಮೇಲಕ್ಕೆತ್ತಿದಳು. ಮೊಣಕೈಯಿಂದ ಭುಜದವರೆಗೂ ನೀಲಿ, ನೇರಳೆ! ಯಾರೋ ಬಿಗಿಯಾಗಿ ಹಿಡಿದು ತಿರುಚಿದ ಹಾಗೆ...

"ನನ್ನನ್ನ ಯಾರು ಹೊಡೀತಾರೆ ತಾಯಿ? ಬಾಗಿಲು ತಾಗಿರ್ಬೇಕು. ಅಜ್ಜ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ? ಮೊಮ್ಮಕ್ಕಳೇ ಇಲ್ದೋನು ನಾನು!"

ಗಡಿಯಾರ ರಿಪೇರಿ ಮಾಡುತ್ತಲೇ ಕಣ್ಣು ಸವೆಸಿಕೊಂಡ ಆ ಹಿರಿಯರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಹೃದಯದ ಆಪರೇಷನ್ ಆದವರು ಅವರು. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆ ಒಂದೇ ಒಂದು ಮಾತ್ರೆ ನುಂಗಬೇಕಿತ್ತು. ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ; ಹೆಚ್ಚಾದರೆ ಚರ್ಮದಡಿಯಲ್ಲೇ ರಕ್ತ ಸೋರಿ ನೀಲಿಗಟ್ಟುತ್ತದೆ. ವಾರಕ್ಕೊಮ್ಮೆ ಬಂದು ಏಳು ಮನೆಯ ಪ್ಲಾಸ್ಟಿಕ್ ಡಬ್ಬಿಗೆ ಮಾತ್ರೆ ತುಂಬಿಡುವುದು ಅವಳ ಕೆಲಸ. ಬೀದಿಯವರು ಅವಳಿಗೆ ಇಟ್ಟಿದ್ದ ಹೆಸರು 'ಮಾತ್ರೆ ಸಿಸ್ಟರ್'.

ಸಿಸ್ಟರ್ ಅನ್ನದವನು ಒಬ್ಬನೇ, ಈ ಮನೆಯ ಮಗ. ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವ ಟೈಲರ್. "ರೀ" ಅನ್ನುತ್ತಿದ್ದ, ಅದೂ ನೆಲ ನೋಡಿಕೊಂಡು. ಮೂರು ತಿಂಗಳಲ್ಲಿ ಅವಳ ಬ್ಯಾಗಿನ ಪಟ್ಟಿ ಮೂರು ಸಲ ಬಿಚ್ಚಿಹೋಗಿತ್ತು. ಮೂರು ಸಲವೂ ಅವನೇ ಹೊಲಿದುಕೊಟ್ಟಿದ್ದ. ಆ ಬೆರಳುಗಳನ್ನು ನೆನೆದು ಅವಳು ಎಷ್ಟೋ ಸಲ ಒಬ್ಬಳೇ ನಕ್ಕಿದ್ದುಂಟು.

'ಅದೇ ಬೆರಳುಗಳು ಹೀಗೆ...?'

ಡಬ್ಬಿ ತೆರೆದಳು. ಏಳು ಮನೆಯೂ ಲೆಕ್ಕಕ್ಕೆ ಸರಿಯಾಗಿ ಖಾಲಿ! ಮಾತ್ರೆ ಹೆಚ್ಚಾಗಿಲ್ಲ. ಹಾಗಾದರೆ ಈ ಕಲೆ?

'ಏನೇ ಇರಲಿ, ಇವತ್ತೇ ರಕ್ತ ಪರೀಕ್ಷೆ ಆಗಬೇಕು.' ಮಗನಿಗೆ ಹೇಳಲು ಅಡುಗೆಮನೆಯ ಬಾಗಿಲಿಗೆ ಬಂದವಳು ಕಾಲು ಕಿತ್ತಿಡಲಾರದೆ ನಿಂತಳು.

ಅವನು ಎರಡು ಚಮಚಗಳ ನಡುವೆ ಏನನ್ನೋ ಒತ್ತಿ ಪುಡಿ ಮಾಡುತ್ತಿದ್ದ. ಆ ಬಿಳಿ ಪುಡಿಯನ್ನು ಹಾಲಿನ ಲೋಟಕ್ಕೆ ಸುರಿದು, ಕಳ್ಳನ ಹಾಗೆ ಹಿಂದೆ ತಿರುಗಿ ನೋಡಿದ.

ಕಣ್ಣು ಕಣ್ಣು ಕೂಡಿದವು.

"ಏನದು?" ಅವಳು ಲೋಟದತ್ತ ಬೆರಳು ತೋರಿಸಿದಳು. "ಅಪ್ಪನಿಗೆ ಏನು ಬೆರೆಸ್ತಾ ಇದ್ದೀರಿ?"

"ಮೆಲ್ಲಗೆ ರೀ... ಅಪ್ಪ ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ! ತೋಳೆಲ್ಲ ನೀಲಿ ಮಾಡಿದ್ದು ಸಾಲ್ದು ಅಂತ ಈಗ ಇದೂನಾ?"

ಅವನ ಮುಖ ಬಿಳಿಚಿಕೊಂಡಿತು. "ನಾನು... ಅಪ್ಪನ್ನ ಹೊಡೀತೀನಾ?"

ಲೋಟ ಕೆಳಗಿಟ್ಟು, ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಅವಳ ಅಂಗೈಯಲ್ಲಿಟ್ಟ.

ಅವಳು ಡಬ್ಬಿಗೆ ತುಂಬುವ ಅದೇ ಮಾತ್ರೆ!

"ಹಿಂದಿನ ತಿಂಗಳು ಹೂಕುಂಡದ ಮಣ್ಣಲ್ಲಿ ಹನ್ನೊಂದು ಮಾತ್ರೆ ಸಿಕ್ತು. ಡಬ್ಬಿ ಖಾಲಿ ಮಾಡಿ ಎಸೀತಾ ಇದ್ರು. ಜಗಳ ಮಾಡಿದ್ರೆ ಹಠ ಜಾಸ್ತಿ. ಅದಕ್ಕೆ ಅದೇ ಮಾತ್ರೆ ಇನ್ನೊಂದು ಪಟ್ಟಿ ತಂದು ದಿನಾ ಹಾಲಲ್ಲಿ ಹಾಕ್ತಿದ್ದೀನಿ..."

"ನುಂಗಿ ನುಂಗಿ ಬೇಜಾರಾಗಿ ಎಸೀತಿದ್ದೆ ಕಣೋ." ಗೋಡೆ ಹಿಡಿದು ಹಿರಿಯರು ಬಾಗಿಲಲ್ಲಿ ನಿಂತಿದ್ದರು. "ಆದ್ರೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದ ದಿನ ನೀನು ಅತ್ಬಿಟ್ಟೆ ನೋಡು... ಅವತ್ತಿಂದ ಒಂದೂ ಬಿಡದೆ ನುಂಗ್ತಾ ಇದ್ದೀನಿ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಓಹೋ, ಅದಕ್ಕೇ ಹಾಲು ಕಹಿ! ನಿನ್ನ ಕೈರುಚಿನೇ ಅಷ್ಟು ಅಂದ್ಕೊಂಡಿದ್ದೆ!"

ಯಾರೂ ನಗಲಿಲ್ಲ. ದಿನಕ್ಕೆ ಎರಡು ಮಾತ್ರೆ! ಎಷ್ಟು ದಿನದಿಂದ...?

ಅಷ್ಟರಲ್ಲಿ ಹಿರಿಯರ ಮೂಗಿನಿಂದ ಒಂದು ಕೆಂಪು ಹನಿ ಅಂಗಿಯ ಮೇಲೆ ಬಿತ್ತು. ಇನ್ನೊಂದು. ಒತ್ತಿ ಹಿಡಿದರೂ ನಿಲ್ಲಲಿಲ್ಲ.

"ಆಟೋ ಕರೀರಿ! ಬೇಗ!"

ಆಸ್ಪತ್ರೆಯ ಬೆಂಚಿನ ಮೇಲೆ ಅವನು ಎರಡೂ ಕೈಗಳನ್ನು ತೊಡೆಯ ನಡುವೆ ಅಮುಕಿ ಕೂತಿದ್ದ.

"ಉಳಿಸ್ಕೊಳ್ಳೋಕೆ ಹೋಗಿ ನಾನೇ ಕೊಂದ್ಬಿಡ್ತಿದ್ನಾ ರೀ?"

"ತಪ್ಪು ನಂದೂ ಇದೆ. ಖಾಲಿ ಡಬ್ಬಿ ನೋಡ್ದೆ, ಮನೆಯವ್ರನ್ನ ಒಂದು ಮಾತು ಕೇಳ್ಲಿಲ್ಲ. ಮೇಲಾಗಿ ನಿಮ್ಮನ್ನ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಒಳಗಿನ ಬಾಗಿಲು ತೆರೆದಾಗ ಇಬ್ಬರೂ ಎದ್ದು ನಿಂತರು. ಡಾಕ್ಟರು ಕನ್ನಡಕ ತೆಗೆದರು. "ರಕ್ತ ನಿಂತಿದೆ. ಇನ್ನೆರಡು ದಿನ ತಡ ಮಾಡಿದ್ರೆ ಕಷ್ಟ ಇತ್ತು."

ವಾರದ ಮೇಲೆ ಅದೇ ಮನೆ, ಅದೇ ಡಬ್ಬಿ. ಗೋಡೆಯ ಮೇಲೆ ಮಾತ್ರ ಹೊಸದೊಂದು ಹಾಳೆ. ಮಾತ್ರೆ ಕೊಡುವವನು ಮಗ ಒಬ್ಬನೇ, ನುಂಗಿದ ಮೇಲೆ ಗುರುತು ಹಾಕುವವರು ಅಪ್ಪ.

"ಒಬ್ಬರಿಗೊಬ್ಬರು ಹೇಳದೆ ಇರೋದೇ ಈ ಮನೆ ಕಾಯಿಲೆ," ಅವಳು ಬ್ಯಾಗು ಹೆಗಲಿಗೇರಿಸಿದಳು. "ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳ್ಬಿಡಿ."

"ಒಂದಿದೆ..." ಅವನು ಮೊದಲ ಸಲ ನೆಲ ಬಿಟ್ಟು ಅವಳ ಕಣ್ಣು ನೋಡಿದ. "ನಿಮ್ಮ ಬ್ಯಾಗಿಗೆ ಗಟ್ಟಿ ಹೊಲಿಗೆ ಹಾಕ್ಬಹುದಿತ್ತು. ಬೇಕಂತ್ಲೇ ಸಡಿಲ ಹಾಕ್ದೆ. ಬಿಚ್ಚಿದ್ರೆ ಮತ್ತೆ ನನ್ ಹತ್ರಾನೇ ತರ್ತೀರಿ ಅಂತ..."

ಅವಳು ಹೆಗಲ ಮೇಲಿನ ಪಟ್ಟಿಯ ಹೊಲಿಗೆಯನ್ನು ಮುಟ್ಟಿ ನೋಡಿದಳು.

"ನಿಮ್ಮನ್ನ ಅಷ್ಟು ಅನುಮಾನಿಸಿದ ಮೇಲೂನಾ?"

"ನಮ್ಮಪ್ಪನಿಗೋಸ್ಕರ ನನ್ನನ್ನೇ ಎದುರು ಹಾಕ್ಕೊಂಡ್ರಲ್ಲ... ಅದಕ್ಕೇ ಇನ್ನೂ ಜಾಸ್ತಿ."

ಅವಳು ಬ್ಯಾಗನ್ನು ನಿಧಾನವಾಗಿ ಅವನ ಮಿಷಿನ್ನಿನ ಮೇಲಿಟ್ಟಳು. "ಹಾಗಾದ್ರೆ ಈ ಸಲ ಬಿಚ್ಚದ ಹಾಗೆ ಹೊಲೀರಿ. ನಾನು ಹೇಗೂ ಬರ್ತೀನಿ."

ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

"ಇನ್ನಾದ್ರೂ ಅಜ್ಜ ಅನ್ನೋದು ಬಿಡ್ತೀಯಾ ತಾಯಿ?"

ನಾಚಿಕೆಯಿಂದ ಅವಳ ಧ್ವನಿ ಪಿಸುಮಾತಾಯಿತು.

"ಸರಿ... ಮಾವ. ಮೊದಲು ಮಾತ್ರೆ ನುಂಗಿ."